ಬಾಣಲೆಗೆ ಅಂಟಿದ ಕೆಂಪು ಬಿಲ್ಲೆ

ಮೂವತ್ತು ವರ್ಷ ನಾನು ಮೋಟಾರಾಗಿದ್ದೆ. ಕಲಬುರಗಿಯ ಮೋಮಿನಪುರದ ಪಕ್ಕದ ಗಲ್ಲಿಯಲ್ಲಿ, ನಮ್ಮ ಪಡಸಾಲೆಯಲ್ಲಿ, ಗಂಡ ಉಳಿ ಹಿಡಿದು ಮಂಚದ ಕಾಲು ಕಡೆಯುತ್ತಿದ್ದರೆ ಕಟ್ಟಿಗೆ ತಿರುಗಿಸುವ ಲೇತಿನ ಪಟ್ಟಿ ಎಳೆಯುವವಳು ನಾನು. ಹೊಗಳಿಕೆ ಅವರಿಗೆ, ತೋಳುನೋವು ನನಗೆ. ಆಮೇಲೆ ಕರೆಂಟಿನ ಮೋಟಾರು ಬಂತು, ನನ್ನ ನೌಕರಿ ಹೋಯಿತು. ಗಂಡ ಸತ್ತ ಮೇಲೆ ಉಳಿ ನಾನೇ ಹಿಡಿದೆ. ಮಂಚದ ಕಾಲು ಈಗ ಯಾರಿಗೂ ಬೇಡ. ಬಿಸಿ ಪಾತ್ರೆಯ ಕೆಳಗಿಡುವ ದುಂಡನೆಯ ಕಟ್ಟಿಗೆ ಬಿಲ್ಲೆ ಮಾಡುತ್ತೇನೆ.

ಸೊಸೆಗೆ ಲೇತಿನ ಜಾಗದಲ್ಲಿ ಸೋಫಾ ಬೇಕಿತ್ತು.

"ಅತ್ತಿ, ಇದನ್ನ ಗುಜರಿಗಿ ಹಾಕೂಣ್ರಿ. ಬಂದವರು ಎಲ್ಲಿ ಕೂಡಬೇಕು?"

"ಕೂತವರು ಲಗೂ ಏಳಂಗಿಲ್ಲ. ನಿಂತರೇ ಛಲೋ."

ಅಷ್ಟರಲ್ಲಿ ಕಮಲಾಪುರದಲ್ಲಿ ಅವಳ ತವರಿನ ಗೃಹಪ್ರವೇಶ ಬಂತು. ಬಂದವರಿಗೆ ಕೊಡಲು ಬಿಲ್ಲೆ ಬೇಕೆಂದು ಬೀಗತಿ ಕೇಳಿದರು. ಸೊಸೆ ಷರತ್ತು ಹಾಕಿದಳು: ತಾಯಿ ಮೆಚ್ಚಿದರೆ ಲೇತ್ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿ.

ಬೇವಿನ ಕಟ್ಟಿಗೆಯಲ್ಲಿ ಒಂದು ಕಡೆದು ತೋರಿಸಿದೆ. ಬೀಗತಿ ಅದನ್ನು ಹೆಂಚಿನ ಮೇಲಿನ ರೊಟ್ಟಿಯಂತೆ ತಿರುವಿ ನೋಡಿದರು.

"ಹೊಳಪೇ ಇಲ್ಲಲ್ರಿ. ತೊಟ್ಟಿಲ ಗಿಲಕಿ ಇರ್ತದಲ್ಲ, ಹಂಗ ಕೆಂಪಗ ಮಿಂಚಬೇಕು."

"ಅದು ಅರಗು ರೀ. ಬಿಸಿಗಿ ಕರಗ್ತದ."

"ಮಂದಿ ನೋಡೋದು ಮ್ಯಾಲಿನ ಬಣ್ಣ. ತಳ ಯಾರ್ ನೋಡ್ತಾರ, ಬೀಗ್ತಿ?"

ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅದು ಕರಗಿ ಹತ್ತುತ್ತದೆ. ಅದೇ ಅರಗು ಬಾಣಲೆಯ ಕೆಳಗೆ ಏನು ಮಾಡೀತು ಎಂದು ತಿಳಿಯಲು ಶಾಲೆ ಕಲಿಯಬೇಕಿಲ್ಲ. ಆದರೂ ಹಚ್ಚಿದೆ. ಲೇತ್ ಉಳಿಯಬೇಕಿತ್ತು. ಒಮ್ಮೆ ಹೇಳಿ ನಾನು ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದೂ ತಪ್ಪಾಯಿತು.

ಗೃಹಪ್ರವೇಶದ ದಿನ ಬೀಗತಿ ಎಲ್ಲರಿಗೂ ಕಾಣಲೆಂದು ಎಣ್ಣೆಗಾಯಿಯ ಬಾಣಲೆಯನ್ನು ಒಲೆಯಿಂದ ಇಳಿಸಿ ಸೀದಾ ಕೆಂಪು ಬಿಲ್ಲೆಯ ಮೇಲಿಟ್ಟರು. ನಂತರ ನೆಂಟರಿಗೆ ಮನೆ ತೋರಿಸಲು ಹೋದರು. ಒಂದೊಂದು ನಲ್ಲಿಯನ್ನೂ ತಿರುಗಿಸಿ ತೋರಿಸಿ ಬಂದು, ಬಡಿಸಲು ಬಾಣಲೆ ಎತ್ತಿದರೆ, ಕರಗಿದ ಅರಗು ಆರಿ ಬಿಗಿದಿದ್ದರಿಂದ ಬಿಲ್ಲೆಯೂ ಜೊತೆಗೆ ಎದ್ದಿತು. ಅವರಿಗದು ಕಾಣಲಿಲ್ಲ. ಸಾಲಿನುದ್ದಕ್ಕೂ ಬಡಿಸುತ್ತ ನಡೆದರು. ನೆಲದ ಮೇಲೆ ಕೂತವರಿಗೆ ಕಾಣುತ್ತಿದ್ದುದು ತಳವೊಂದೇ.

ಕೊನೆಗೆ ಒಬ್ಬ ಮುದುಕ ಕೇಳಿಯೇಬಿಟ್ಟ: "ತಂಗಿ, ನಿಮ್ಮ ಬಾಣಲಿಗಿ ತಳಕ್ಕೂ ಮುಚ್ಚಳ ಅದ ಏನು?"

ಬೀಗತಿಯ ಮುಖ ಬಿಲ್ಲೆಯ ಬಣ್ಣಕ್ಕೆ ತಿರುಗಿತು. ಸೊಸೆ ನನ್ನ ಬಳಿ ಬಂದಳು.

"ನಿಮಗ ಗೊತ್ತಿತ್ತಲ್ಲ, ಅತ್ತಿ?"

"ಹೇಳಿದ್ದೆ. ನಿಮ್ಮವ್ವಗ ಕೇಳು."

ಹಂಚದೆ ಉಳಿದ ಬಿಲ್ಲೆಗಳೆಲ್ಲ ಚೀಲದಲ್ಲಿ ನಮ್ಮ ಜೊತೆಗೇ ಬಸ್ಸಿನಲ್ಲಿ ವಾಪಸು ಬಂದವು. ಮತ್ತೆ ಲೇತಿಗೆ ಹಾಕಿ, ಅರಗು ಕೆರೆದು, ಬರಿ ಕಟ್ಟಿಗೆ ಮಾಡಿ ಬೀಗತಿಗೆ ಕೊಡಬೇಕಂತೆ.

"ಲೇತ್ ಗುಜರಿಗಿ ಹೊಂಟದಲ್ಲ?" ಎಂದೆ.

"ಮೊದಲ ಅವ್ವನ ಬಿಲ್ಲಿ ಮುಗಸ್ರಿ," ಎಂದಳು.

ಈವರೆಗೆ ಅರ್ಧ ಆಗಿವೆ. ಅವಸರವಿಲ್ಲ. ತೋಳು ನೋಯುತ್ತದೆ ಎಂದು ಹೇಳುತ್ತೇನೆ; ಒಂದೊಂದು ದಿನ ನಿಜವಾಗಿಯೂ ನೋಯುತ್ತದೆ. ಸೋಫಾ ಇನ್ನೂ ಅಂಗಡಿಯಲ್ಲೇ ಇದೆ.