ಪಕ್ಕದ ಮನೆಯಾಕೆಯ ಸರ್ಜ್ ಅರೆಸ್ಟರ್

ಹೊನ್ನವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಾಕೆ ಮೀಟರ್ ಬೋರ್ಡಿಗೆ ಸರ್ಜ್ ಅರೆಸ್ಟರ್ ಹಾಕಿಸಿದ್ದರು. ಸಿಡಿಲಿಗೆ ಲೈನಿನಲ್ಲಿ ನುಗ್ಗುವ ವೋಲ್ಟೇಜನ್ನು ನೆಲಕ್ಕಿಳಿಸುವ ಪುಟ್ಟ ಡಬ್ಬಿ ಅದು. ಗುಡುಗಿದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಓಡಿ, ಡಬ್ಬಿ ಸರಿಯಿದ್ದರೆ ಹಸಿರು, ಸುಟ್ಟರೆ ಕೆಂಪು ತೋರುವ ಅದರ ಕಿಂಡಿ ನೋಡಿ, "ಹಸಿರೈತೆ ಕಣೇ!" ಎಂದು ಕಾಂಪೌಂಡಿನಾಚೆಯಿಂದ ನನಗೆ ಕೂಗುತ್ತಿದ್ದರು.

"ಇವ್ಳಿಗೆ ಹುಚ್ಚು ಕಣಮ್ಮ, ಬುಡು," ಎನ್ನುತ್ತಿದ್ದರು ಅವರ ಯಜಮಾನರು.

ಯುಗಾದಿಯ ಬೆಳಗ್ಗೆ ತೋಟದ ತೆಂಗಿಗೆ ಸಿಡಿಲು ಬಡಿದು, ಹೋಳಿಗೆಯ ಹೂರಣ ರುಬ್ಬುತ್ತಿದ್ದ ಬೀದಿಯ ಮಿಕ್ಸಿಗಳೆಲ್ಲ ಸುಟ್ಟವು. ನಾವು ಕಂಗಾಲಾಗಿ ನಿಂತಿದ್ದಾಗ ಆಕೆ ಕುಣಿಯುತ್ತ ಬಂದರು.

"ಕಿಂಡಿ ಕೆಂಪಾಯ್ತು ಕಣೇ! ಡಬ್ಬಿ ಸತ್ತೋಯ್ತು, ನನ್ ಮಿಕ್ಸಿ ಉಳ್ಕೊಂತು! ತನ್ರೇ ಬೇಳೇನ!"

ಪಾತ್ರೆ ಹೊತ್ತು ಬೀದಿಯೇ ನುಗ್ಗಿತು. ಯಜಮಾನರನ್ನೇ ರುಬ್ಬಲು ಕೂರಿಸಿ, ಆಕೆ ನಕ್ಕು ನಕ್ಕು ಸುಸ್ತಾದರು. ಆ ಗಲಾಟೆಯಲ್ಲಿ ಯಾರ ಹೂರಣ ಯಾರ ಪಾತ್ರೆ ಸೇರಿತೋ, ಆ ಹಬ್ಬಕ್ಕೆ ಬೀದಿಯ ಹೋಳಿಗೆಗೆಲ್ಲ ಒಂದೇ ರುಚಿ.