ನಾಲ್ಕು ಊರಿನ ಮಧ್ಯಾಹ್ನದ ಊಟ

ಹಾಸನದಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಯಾವ ಹೋಟೆಲಿಗೆ ಕಾಲಿಟ್ಟರೂ ಮಾಣಿ ನಮ್ಮಿಬ್ಬರ ಮುಖವನ್ನು ಒಮ್ಮೆ ನೋಡಿ, ಏನು ಬೇಕೆಂದು ಕೇಳುವ ಮೊದಲೇ, ‘ಫ್ಯಾಮಿಲಿ ಮೇಲ್ಗಡೆ’ ಎಂದು ಮೆಟ್ಟಿಲು ತೋರಿಸುತ್ತಿದ್ದ. ಮೇಲ್ಗಡೆ ಎಂದರೆ ಫ್ಯಾನು ತಿರುಗದ, ಕಿಟಕಿಗೆ ಬಣ್ಣದ ಕಾಗದ ಅಂಟಿಸಿದ, ಹಿಂದೆ ಉಂಡು ಹೋದವರ ಸಾಂಬಾರು ಟೇಬಲ್ಲಿನ ಮೇಲೆ ಒಣಗಿ ಕೂತ ಒಂದು ಕೋಣೆ. ಅಲ್ಲಿಗೆ ಊಟ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಆರಿ ಹೋಗಿರುತ್ತದೆ. ಮರ್ಯಾದಸ್ಥ ಹೆಂಗಸರು ಆರಿದ ಊಟವನ್ನೇ ಉಣ್ಣಬೇಕೆಂದು ಈ ಊರಿನ ಹೋಟೆಲಿನವರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ನಾವು ಗಂಡ ಹೆಂಡತಿ ಅಲ್ಲ ಎಂದು ಒಂದೆರಡು ಸಲ ಹೇಳಿ ನೋಡಿದೆ. ಅದರಿಂದ ಆದದ್ದಿಷ್ಟೇ, ಮಾಣಿ ಇನ್ನಷ್ಟು ಆಸಕ್ತಿಯಿಂದ ನೋಡತೊಡಗಿದ.

ನಮ್ಮ ಕೆಲಸ ರಕ್ತ ಪರೀಕ್ಷೆಯ ಯಂತ್ರಗಳದ್ದು. ಸಣ್ಣ ಊರುಗಳ ಲ್ಯಾಬುಗಳಿಗೆ ಯಂತ್ರ ಕೊಡುವುದು, ಅದಕ್ಕೆ ಹಾಕುವ ದ್ರಾವಣಗಳನ್ನು ಮುಟ್ಟಿಸುವುದು, ಕೆಟ್ಟರೆ ಹೋಗಿ ಸರಿ ಮಾಡುವುದು. ಮಾರುವುದು, ಮಾತಾಡುವುದು ನನ್ನ ಪಾಲು. ರಿಪೇರಿ ಅವನ ಪಾಲು. ನನಗಿಂತ ಹತ್ತು ವರ್ಷ ಚಿಕ್ಕವನು, ಅರಕಲಗೂಡು ಕಡೆಯವನು, ನನ್ನನ್ನು ಅಕ್ಕ ಎಂದು ಕರೆಯುತ್ತಾನೆ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಈ ನಾಲ್ಕು ಊರುಗಳ ನಡುವೆ ವಾರವಿಡೀ ಬಸ್ಸಿನಲ್ಲಿ ಓಡಾಟ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಡಬ್ಬಿ ಕಟ್ಟಿಕೊಳ್ಳಲು ಪುರಸೊತ್ತಿಲ್ಲ. ಮಧ್ಯಾಹ್ನ ಎಲ್ಲಾದರೂ ಒಂದು ಕಡೆ, ನಮ್ಮ ಸಂಬಳಕ್ಕೆ ಎಟಕುವ ಹಾಗೆ, ಉಣ್ಣಲೇಬೇಕು.

ಅವನು ಊಟದ ವಿಷಯದಲ್ಲಿ ಸಹಿಸಲಾಗದ ಮನುಷ್ಯ. ಸಾರು ಬಂದರೆ ಮೊದಲು ಮೂಸುತ್ತಾನೆ. ಅನ್ನವನ್ನು ಎರಡು ಬೆರಳಿನಲ್ಲಿ ಹಿಸುಕಿ, ಸೋಡಾ ಹಾಕಿದ್ದಾರೋ ಇಲ್ಲವೋ ಹೇಳುತ್ತಾನೆ. ಪಲ್ಯದ ತೆಂಗಿನಕಾಯಿ ನಿನ್ನೆಯದು ಎಂದು ಬಡಿಸುವವನಿಗೇ ಹೇಳಿ ನನ್ನ ಮಾನ ಕಳೆದದ್ದುಂಟು. ಮಾಡಿ ಹಾಕುವವರು ಮನೆಯಲ್ಲಿ ಇದ್ದಿದ್ದರೆ ಈ ನಾಲಿಗೆಗೆ ಎಂದೋ ಬರೆ ಬೀಳುತ್ತಿತ್ತು ಎಂದು ನಾನು ಬೈದರೆ, ಅಕ್ಕ, ದುಡ್ಡು ಕೊಟ್ಟು ಉಣ್ಣುವಾಗ ಯಾಕೆ ಬಾಯಿ ಮುಚ್ಚಿಕೊಂಡು ಉಣ್ಣಬೇಕು ಎನ್ನುತ್ತಿದ್ದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಬಿಸಿಲಲ್ಲಿ ಮೂರು ಲ್ಯಾಬು ಸುತ್ತಿ ಬಂದವಳಿಗೆ ತೆಂಗಿನಕಾಯಿಯ ವಯಸ್ಸು ತಿಳಿಯುವ ಉಮೇದು ಇರುವುದಿಲ್ಲ.

ಹಾಸನದಲ್ಲಿ ನಾವು ಸುತ್ತದ ಬೀದಿ ಇಲ್ಲ. ಬಸ್ ಸ್ಟ್ಯಾಂಡಿನ ಸುತ್ತಮುತ್ತಲಿನ ಊಟ ಎಲ್ಲ ಒಂದೇ ಪಾತ್ರೆಯಿಂದ ಬಂದಂತೆ. ಬೆಲ್ಲ ಸುರಿದ ಸಾಂಬಾರು, ಬಣ್ಣಕ್ಕೆ ಬೀಟ್‌ರೂಟು, ನೀರಿಗೆ ಮಜ್ಜಿಗೆ ತೋರಿಸಿ ತಂದ ಮಜ್ಜಿಗೆ. ಹೊಸ ಬಡಾವಣೆಗಳ ಕಡೆ ಹೋದರೆ ಎಲ್ಲರೂ ಉತ್ತರ ಭಾರತದವರಾಗಿಬಿಟ್ಟಿದ್ದಾರೆ. ಹುಟ್ಟಿದ್ದು ಬೆಳೆದದ್ದೆಲ್ಲ ಇಲ್ಲೇ ಆಗಿ, ಮುದ್ದೆ ಇದೆಯಾ ಎಂದು ಕೇಳಿದರೆ ಹೋಟೆಲ್ ಮಾಲೀಕನಿಗೆ ನಾಚಿಕೆಯಾಗುತ್ತದೆ. ಗೋಬಿ ಇದೆ, ಪನೀರ್ ಇದೆ, ಕಾಂಬೋ ಇದೆ ಎನ್ನುತ್ತಾನೆ. ಒಮ್ಮೆ ಅಂಥ ಕಾಂಬೋ ತರಿಸಿದೆವು. ಮೂರು ಬಟ್ಟಲುಗಳಲ್ಲಿ ಒಂದೇ ಕೆಂಪು ಗೊಜ್ಜು ಮೂರು ಹೆಸರಿನಲ್ಲಿ ಬಂತು. ಅವನು ಮೂರನ್ನೂ ಮೂಸಿ, ಮಾಣಿಯನ್ನು ಕರೆದು, ಇವುಗಳಲ್ಲಿ ಹಿರಿಯಣ್ಣ ಯಾರು ಎಂದು ಕೇಳಿದ.

ಚನ್ನರಾಯಪಟ್ಟಣದ ಹೆದ್ದಾರಿಯ ಹೋಟೆಲುಗಳನ್ನು ಕಟ್ಟಿರುವುದು ನಮಗಲ್ಲ. ಕಾರಿನಲ್ಲಿ ಬಂದು, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿ, ತೆಂಗಿನ ಮರದ ಮುಂದೆ ಫೋಟೊ ತೆಗೆಸಿಕೊಂಡು ಹೋಗುವವರಿಗೆ. ಒಂದು ದೋಸೆಗೆ ಅವರು ಕೇಳುವ ಬೆಲೆಯಲ್ಲಿ ನಮ್ಮ ತಾಯಿ ಮನೆ ಮಂದಿಗೆಲ್ಲ ದೋಸೆ ಹುಯ್ಯುತ್ತಿದ್ದಳು. ಶ್ರವಣಬೆಳಗೊಳದ ಲ್ಯಾಬಿಗೆ ಹೋದ ದಿನ ಒಂದು ಹೋಟೆಲಿನವನು ನಮ್ಮನ್ನು ಯಾತ್ರಿಕರೆಂದು ತಿಳಿದು ಹಿಂದಿಯಲ್ಲಿ ಮಾತಾಡಿಸಿದ. ನಾನು ಕನ್ನಡದಲ್ಲಿ ಬೆಲೆ ಕೇಳಿದ ಕೂಡಲೇ ಊಟ ಮುಗಿದುಹೋಯಿತು ಎಂದ. ಅರಕಲಗೂಡಿನಲ್ಲಿ ಇದ್ದ ಒಂದೇ ಒಂದು ಒಳ್ಳೆಯ ಜಾಗ, ಮಟನ್ ಸಾರು ಬಡಿಸುತ್ತಿದ್ದ ತಗಡಿನ ಮನೆ, ದೊನ್ನೆ ಬಿರಿಯಾನಿಯ ಅಂಗಡಿಯಾಯಿತು. ಬೋರ್ಡಿಗೆ ದೀಪ ಬಂತು, ಮಟನ್ ಹೋಯಿತು, ಮೂಳೆ ಮಾತ್ರ ಉಳಿಯಿತು.

ಹೀಗಿರುವಾಗ ಹೊಳೆನರಸೀಪುರದ ಒಬ್ಬ ಲ್ಯಾಬಿನವರು ನಮ್ಮ ಗೋಳು ಕೇಳಲಾರದೆ ಒಂದು ಮನೆ ಹೇಳಿದರು. ತಾಲ್ಲೂಕು ಕಚೇರಿಯ ಹಿಂದಿನ ಬೀದಿಯಲ್ಲಿ, ಬೋರ್ಡಿಲ್ಲದ ಮನೆ. ಗಂಡ ತೀರಿಕೊಂಡ ಮೇಲೆ ಒಬ್ಬಾಕೆ ಮಧ್ಯಾಹ್ನದ ಊಟ ಹಾಕುತ್ತಿದ್ದರು. ಗುಮಾಸ್ತರು, ವಕೀಲರು, ಒಂದಿಬ್ಬರು ಮೇಷ್ಟ್ರುಗಳು ಅಲ್ಲಿ ಉಣ್ಣುತ್ತಿದ್ದರು. ಮುಂದೆ ಜಗಲಿ, ಒಳಗೆ ನಡುಮನೆ. ನಡುಮನೆಯಲ್ಲಿ ಗೋಡೆಗೆ ಸೇರಿಸಿ ಚಾಪೆ, ಎಲೆ, ಸ್ಟೀಲಿನ ಲೋಟ.

ಮೊದಲ ದಿನ ಬಸ್ಸಾರು. ಸೊಪ್ಪು ಕಾಳು ಬೇಯಿಸಿ ಬಸಿದ ನೀರಿಗೆ ಖಾರ ಅರೆದು ಹಾಕಿದ ಸಾರು, ಪಕ್ಕಕ್ಕೆ ಅದೇ ಸೊಪ್ಪು ಕಾಳಿನ ಪಲ್ಯ, ಎಲೆಯ ಮೇಲೆ ಹೊಗೆಯಾಡುವ ಮುದ್ದೆ. ನನ್ನ ಸಹೋದ್ಯೋಗಿ ಎಂದಿನಂತೆ ಮೂಸಿದ. ಆಮೇಲೆ ಏನೂ ಹೇಳದೆ ಮುದ್ದೆ ಮುರಿದ. ಎರಡನೇ ಮುದ್ದೆ ಕೇಳಿದ. ಅವನ ಬಾಯಿ ಮುಚ್ಚಿಸಿದ ಅಡುಗೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆಕೆಗೂ ಅವನನ್ನು ಕಂಡರೆ ಇಷ್ಟವಾಯಿತು. ಕೇಳಿ ಹಾಕಿಸಿಕೊಂಡು ಉಣ್ಣುವ ಹುಡುಗ ಯಾರಿಗೆ ಬೇಡ. ಹುರುಳಿಕಾಳಿನ ಸಾರು ಮಾಡಿದ ದಿನ ಅವನಿಗೆಂದು ಒಂದು ಸೌಟು ಗಟ್ಟಿ ತೆಗೆದಿಡುತ್ತಿದ್ದರು. ನಾವು ಹೊಳೆನರಸೀಪುರದ ಕೆಲಸಗಳನ್ನೆಲ್ಲ ಊಟದ ಹೊತ್ತಿಗೆ ಹೊಂದಿಸಿಕೊಳ್ಳತೊಡಗಿದೆವು. ಯಂತ್ರ ಕೆಡದಿದ್ದರೂ ಒಮ್ಮೆ ನೋಡಿ ಬರೋಣ ಅಕ್ಕ ಎನ್ನುತ್ತಿದ್ದ.

ಒಂದು ಮಧ್ಯಾಹ್ನ, ಊಟ ಮುಗಿದು ಕೈ ತೊಳೆಯುವಾಗ, ಆಕೆ ಊರು ಕೇಳಿದರು. ಕಟ್ಟಾಯದ ಕಡೆ ಎಂದೆ. ಯಾರ ಪೈಕಿ, ಯಾರ ಮನೆ ಎಂದು ಎರಡು ಪ್ರಶ್ನೆಯಲ್ಲಿ ನನ್ನ ಜಾತಕ ಜಾಲಾಡಿ, ‘ಅಂಗಾದ್ರೆ ನಮ್ಮೋರೇ ಬುಡಿ’ ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಪರೀಕ್ಷೆಗೆ ಕೂರದೆ ಪಾಸಾದಂತಿತ್ತು. ಆಮೇಲೆ ಅವನ ಕಡೆ ತಿರುಗಿದರು. ಅವನು ಅರಕಲಗೂಡು ತಾಲ್ಲೂಕಿನ ತನ್ನ ಹಳ್ಳಿಯ ಹೆಸರು ಹೇಳಿದ.

‘ಅಲ್ಗೆ ನಮ್ ನಾದ್ನೀನ ಕೊಟ್ಟೈತೆ. ಯಾರ ಮನೆಯವ್ರಪ್ಪ ನೀವು?’

ತನ್ನ ಅಪ್ಪ ಶಾಲೆಯಲ್ಲಿ ಹೆಡ್ ಮೇಷ್ಟ್ರಾಗಿದ್ದವರು ಎಂದು ಅವನು ಹೇಳಿದ. ಅವನಿಗೆ ಮುಚ್ಚಿಡುವುದೇನೂ ಇರಲಿಲ್ಲ. ಅವನಪ್ಪ ಕೇರಿಯ ಮನೆಯಲ್ಲಿ ಬುದ್ಧನ ಪಟ ತೂಗುಹಾಕಿಕೊಂಡು, ಮಕ್ಕಳನ್ನೆಲ್ಲ ಓದಿಸಿದವರು. ಅದನ್ನು ಅವನು ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದ. ಆಕೆ, ಮೇಷ್ಟ್ರ ಮಗನಾ, ಕೇಳ್ತೀನಿ ನಾದ್ನೀನ ಎಂದು ಒಳಗೆ ಹೋದರು.

ಮುಂದಿನ ವಾರ ಹೋದಾಗ ಬಾಗಿಲಲ್ಲೇ ನಿಂತಿದ್ದರು. ನನಗೆ ಬನ್ನಿ ಬನ್ನಿ ಎಂದು ಒಳಗೆ ದಾರಿ ಬಿಟ್ಟರು. ಅವನಿಗೆ ಜಗಲಿಯ ಮೂಲೆ ತೋರಿಸಿದರು. ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಮುಂದೊಂದು ಸ್ಟೂಲು, ಸ್ಟೂಲಿನ ಮೇಲೆ ಪೇಪರ್ ತಟ್ಟೆ, ಪೇಪರ್ ಲೋಟ.

‘ಬಿಸ್ಲಲ್ಲಿ ಬಂದಿದ್ದೀಯ, ಇಲ್ಲೇ ಕೂತ್ಕಪ್ಪ. ಜಗ್ಲೀಲಿ ತಣ್ಣಗಿರ್ತದೆ’ ಎಂದರು.

ದನಿಯಲ್ಲಿ ಎಳ್ಳಷ್ಟೂ ಒರಟಿಲ್ಲ. ಅದೇ ನಗು, ಅದೇ ಅಕ್ಕರೆ. ನಡುಮನೆಯಲ್ಲಿ ಐದಾರು ಜನ ಉಣ್ಣುತ್ತಿದ್ದರು, ಅರ್ಧ ಚಾಪೆ ಖಾಲಿ ಇತ್ತು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವನಿಗೆ ಅಷ್ಟೂ ಹಿಡಿಯಲಿಲ್ಲ. ಅವನು ಕುರ್ಚಿಯಲ್ಲಿ ಕೂರಲಿಲ್ಲ.

‘ಅಮ್ಮ, ಒಳಗೆ ಜಾಗ ಐತಲ್ಲ’ ಎಂದ.

ಆಕೆ ಸೆರಗಿನಿಂದ ಸ್ಟೂಲು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ನಾನು ಒಳಗಿನವರ ಕಡೆ ನೋಡಿದೆ. ಕಪ್ಪು ಕೋಟು ಮಡಿಸಿ ಪಕ್ಕದಲ್ಲಿಟ್ಟುಕೊಂಡಿದ್ದ ಒಬ್ಬ ವಕೀಲ, ಬೆಳಿಗ್ಗೆಯಿಂದ ನ್ಯಾಯದ ಹೆಸರಿನಲ್ಲಿ ಗಂಟಲು ಹರಿದುಕೊಂಡು ಬಂದವನು, ಎಲೆಯ ಮೇಲಿನ ಉಪ್ಪಿನಕಾಯಿಯನ್ನು ಬಹಳ ಗಮನವಿಟ್ಟು ಪರಿಶೀಲಿಸುತ್ತಿದ್ದ. ಮೇಷ್ಟ್ರು ಮಜ್ಜಿಗೆ ಕುಡಿಯುತ್ತಿದ್ದರು, ಕುಡಿದು ಮುಗಿಸಲೇ ಇಲ್ಲ. ಒಬ್ಬ ಗುಮಾಸ್ತ ಮಾತ್ರ ತಲೆ ಎತ್ತಿ, ಊಟದ ಹೊತ್ತಲ್ಲಿ ಯಾಕೆ ಇವೆಲ್ಲ, ಎಲ್ಲಿ ಕೂತರೂ ಹೊಟ್ಟೆಗೆ ಹೋಗುವುದು ಒಂದೇ ಅಲ್ಲವೇ ಎಂದ. ಹಾಗಾದರೆ ನೀವು ಜಗಲಿಗೆ ಬನ್ನಿ, ಅವನು ನಿಮ್ಮ ಜಾಗದಲ್ಲಿ ಕೂರುತ್ತಾನೆ ಎಂದೆ. ಗುಮಾಸ್ತ ಮತ್ತೆ ತಲೆ ತಗ್ಗಿಸಿ ಮುದ್ದೆ ಮುರಿಯತೊಡಗಿದ. ಆ ನಡುಮನೆಯಲ್ಲಿ ಆ ಹೊತ್ತು ಬೆನ್ನುಮೂಳೆ ಅನ್ನುವುದು ಇದ್ದರೆ ಅದು ಅವತ್ತು ಅಡುಗೆಮನೆಯಲ್ಲಿ ಕುದಿಯುತ್ತಿದ್ದ ಕೋಳಿ ಸಾರಿನಲ್ಲಿ ಮಾತ್ರ ಇತ್ತು.

ನಾನು ಆಕೆಗೆ, ನಾವಿಬ್ಬರೂ ಒಟ್ಟಿಗೆ ಬಂದವರು, ಒಟ್ಟಿಗೇ ಹೋಗುತ್ತೇವೆ ಎಂದೆ. ಅಯ್ಯೋ ನೀವ್ಯಾಕೆ ಹೋಗುತ್ತೀರಿ ಎಂದು ಆಕೆ ನನ್ನ ಕೈ ಹಿಡಿದರು. ನೀವ್ಯಾಕೆ ಎನ್ನುವ ಆ ಮಾತು ನನ್ನ ಮೈಗೆ ಅಂಟಿದಂತಾಗಿ ಕೈ ಬಿಡಿಸಿಕೊಂಡೆ. ಅವನು ಆಗಲೇ ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದ.

ಬಸ್ ಸ್ಟ್ಯಾಂಡಿನವರೆಗೂ ಅವನು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ನಾನು ತಡೆಯಲಾರದೆ, ಬೇಜಾರಾಯ್ತಾ ಎಂದು ಕೇಳಿದೆ. ಕೇಳಿದ ಮೇಲೆ ಎಂಥ ಪೆದ್ದು ಪ್ರಶ್ನೆ ಎನ್ನಿಸಿತು.

‘ಬೇಜಾರೇನಿಲ್ಲ ಅಕ್ಕ. ಇಂಥವು ಹೊಸದಾ ನನಗೆ? ಆ ಹೆಂಗಸಿನ ಬಸ್ಸಾರು ನಿಜವಾಗ್ಲೂ ಚೆನ್ನಾಗಿತ್ತು. ಸಿಟ್ಟು ಬಂದಿರೋದು ಅದಕ್ಕೆ’ ಎಂದ.

ಬಸ್ಸು ಹತ್ತುವಾಗ, ನೀವು ಆ ಗುಮಾಸ್ತನ ಹತ್ತಿರ ಮಾತಾಡಿದ್ದು ವೇಸ್ಟು ಎಂದೂ ಹೇಳಿದ. ನನಗೆ ತುಸು ಪೆಟ್ಟಾಯಿತು. ಅವನು ನನ್ನನ್ನು ಹೊಗಳಬೇಕೆಂದು ನಾನೂ ಎಲ್ಲೋ ಕಾದಿದ್ದೆನೇನೋ.

ಮತ್ತೆ ಆ ಬೀದಿಗೆ ಹೋಗಲಿಲ್ಲ. ಕೆಲವು ವಾರ ಕಳೆದು ಆಕೆಯೇ ಫೋನು ಮಾಡಿದರು. ಬರುವ ದಿನ ಮೊದಲೇ ಹೇಳಲೆಂದು ಹಿಂದೆ ನನ್ನ ನಂಬರು ಇಸಿದುಕೊಂಡಿದ್ದರು.

‘ಯಾಕ್ ಮೇಡಮ್ಮ, ಈ ಕಡೆ ಬರ್ನೇ ಇಲ್ಲ? ನಿಮಗೇನು ಕಮ್ಮಿ ಮಾಡಿದ್ನಾ ನಾನು?’

ನನಗೇನೂ ಕಮ್ಮಿ ಮಾಡಲಿಲ್ಲ ಎಂದೆ. ಅದಕ್ಕೆ ಆಕೆ, ಆ ಹುಡುಗನಿಗೂ ಅದೇ ಮುದ್ದೆ, ಅದೇ ಸಾರು ಇಕ್ಕಲು ಎತ್ತಿಟ್ಟಿದ್ದೆ, ನನಗೆ ಮನಸ್ಸಿನಲ್ಲಿ ಏನೂ ಇಲ್ಲ, ಉಣ್ಣಲು ಬರುವವರು ಏನಾದರೂ ಅಂದಾರು ಎಂದು ಹಾಗೆ ಮಾಡಿದೆ, ಒಂಟಿ ಹೆಂಗಸು ನಾನು, ನಾಲ್ಕು ಜನ ಬಂದರೆ ತಾನೇ ನನ್ನ ಒಲೆ ಉರಿಯುವುದು ಎಂದರು. ಉಣ್ಣಲು ಬರುವವರನ್ನು ಕೇಳಿದ್ದರೆ ಅವರು ಆಕೆಯ ಮೇಲೆ ಹಾಕುತ್ತಿದ್ದರು. ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿಕೊಂಡು ನಿಂತ ಈ ಸಾಲಿನಲ್ಲಿ ಮುಂದೆ ನಿಂತವರು ಯಾರು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.

‘ಅವ್ರು ಎಲ್ಲಾರ ಉಣ್ಕಳ್ಳಿ. ನೀವೊಬ್ರು ಬನ್ನಿ ಕಣವ್ವ, ನಾಳೆ ಹಿತಕಿದ ಬೇಳೆ ಮಾಡ್ತೀನಿ.’

ಹಿತಕಿದ ಬೇಳೆಯ ಹೆಸರು ಕೇಳಿ ಬಾಯಲ್ಲಿ ನೀರೂರಿತು. ಹೊಟ್ಟೆಗೆ ಮಾನ ಮರ್ಯಾದೆ ಇರುವುದಿಲ್ಲ. ಬರುವುದಿಲ್ಲ, ಇನ್ನು ಮೇಲೆ ಫೋನು ಮಾಡಬೇಡಿ ಎಂದು ಹೇಳಿ ಇಟ್ಟೆ.

ಈಗ ಹೊಳೆನರಸೀಪುರದಲ್ಲಿ ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುವ ಒಂದು ಗಾಡಿಯ ಹತ್ತಿರ ಉಣ್ಣುತ್ತೇವೆ. ಚಿತ್ರಾನ್ನ, ಮೊಸರನ್ನ, ಇಷ್ಟೇ. ಊಟ ದರಿದ್ರವಾಗಿದೆ. ಅರಿಸಿನ ಜಾಸ್ತಿ, ಕಡಲೆಬೀಜ ಮುಗ್ಗು. ಧೂಳಿನಲ್ಲಿ ನಿಂತೇ ತಿನ್ನಬೇಕು. ಗಾಡಿಯವನು ಯಾರ ಊರನ್ನೂ ಕೇಳುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರಿಗೂ ಒಂದೇ ಸಮ ಒರಟಾಗಿ ತಟ್ಟೆ ಕುಕ್ಕುತ್ತಾನೆ. ಹೋದ ವಾರ ನನ್ನ ಸಹೋದ್ಯೋಗಿ ಚಿತ್ರಾನ್ನವನ್ನು ಮೂಸಿ, ಒಗ್ಗರಣೆಯ ಎಣ್ಣೆ ಯಾವ ಕಾಲದ್ದು ಎಂದು ಕೇಳಿದ. ಗಾಡಿಯವನು, ‘ಬೇಕಾದ್ರೆ ತಿನ್ನಿ ಸಾ, ಇಲ್ದಿದ್ರೆ ಮುಂದಕ್ಕೋಗಿ, ಹಿಂದ್ಲೋರು ಕಾಯ್ತಾವ್ರೆ’ ಎಂದ. ಇಬ್ಬರೂ ಒಂದಷ್ಟು ಹೊತ್ತು ಜಗಳವಾಡಿದರು. ನಾನು ಮೊಸರನ್ನದ ಮೇಲೆ ಉಪ್ಪು ಉದುರಿಸಿಕೊಂಡು ತಿಂದೆ.