ಮೊಮ್ಮಗಳ ಓದು ಬಿಡಿಸೋಕೆ ಬಂದೋಳು

ಚಿನ್ನದ ಗಣಿ ಊರು ಉರಿಗಾಂಗೆ ಬಂದ ಮೊದಲ್ನೇ ದಿನ ಜೋರಾಗಿ ಸೀನಿದೆ. ಗೋಡೆ "ಯೇಸಪ್ಪಾ!" ಅಂತು. ಬೂದಿಕೋಟೆ ಹತ್ರ ನಮ್ಮೂರಲ್ಲಿ ನಾನು ಸೀನಿದ್ರೆ ಎಮ್ಮೆನೂ ತಿರುಗಿ ನೋಡಲ್ಲ. ಇಲ್ಲಿ ಗಣಿ ಕೆಲ್ಸದೋರ್ಗೆ ಕಟ್ಟಿದ ಸಾಲು ಮನೆ, ಎರಡು ಮನೆಗೆ ಒಂದೇ ಗೋಡೆ. ಆ ಕಡೆಯೋಳು ಸ್ಟೆಲ್ಲಾ, ತಮಿಳಿನೋಳು. ನನ್ನ ಪಾಟಿ ಅಂತಾಳೆ, ಅಂದ್ರೆ ಅಜ್ಜಿ. ಅವಳಿಗೇ ಮೊಮ್ಮಕ್ಕಳವ್ರೆ, ನಾನು ಪಾಟಿಯಂತೆ!

ಇಲ್ಲಿ ಬಾಡಿಗೆ ಮನೇಲಿದ್ದು ಓದೋ ಮೊಮ್ಮಗಳು ಸುಮಾಗೆ ಮುದ್ದೆ ಮಾಡಿ ಆಕೋಕೆ ಬಂದೆ ಅಂತ ಊರಲ್ಲಿ ಎಲ್ರಿಗೂ ಅಂದಿದ್ದೆ. ಸುಳ್ಳು ಕಣ್ರಪ್ಪಾ. ಅವಳ ಓದು ಬಿಡಿಸೋಕೆ ಅವಳಪ್ಪ, ನನ್ನ ಮಗ, ಕಳಿಸಿದ್ದು. ಡಿಗ್ರಿ ಮುಗೀತು, ಈಗ ತತ್ವಶಾಸ್ತ್ರ ಎಂ.ಎ. ಅಂತೆ. ಮಗ ಕೂಲಿಗೆ ಓಗೋನು, ಈಗ ನೋವಿಗೆ ಬೆನ್ನು ಬಗ್ಗಲ್ಲ. "ನನ್ ಕೈಲಾಗಲ್ಲ ಅವ್ವಾ. ಗಾರ್ಮೆಂಟ್ಸಿಗೆ ಸೇರ್ಲಿ, ಒಪ್ಪಿಸ್ಕೊಂಡ್ ಬಾ" ಅಂದ.

ಸಾಯಂಕಾಲ ಸುಮಾ ಬಾಗಿಲಲ್ಲಿ ಕೂತು ಪಾಠ ಓದ್ತಾಳೆ. ದೊಡ್ಡ ಓದು ಯಾಕೆ, ಸಂತೋಷಕ್ಕಾ, ಯಾವ ಧರ್ಮ ಏನನ್ನುತ್ತೆ, ಅದೇ ಪಾಠ. ಕೇಳಿಸ್ಕೊಂಡ ಬೀದಿಯೋರೆಲ್ಲಾ ಮೇಷ್ಟ್ರುಗಳೇ.

"ಕರ್ತನ್ನ ಅರಿಯೋದೇ ಸಂತೋಷಂ" ಅಂದ್ಲು ಸ್ಟೆಲ್ಲಾ.

ಎದುರುಮನೆ ಮುನುಸಾಮಿ ಗಣಿಯಲ್ಲಿ ದುಡಿದೋನು, ಬುದ್ಧನ ಪಟಕ್ಕೆ ಕೈಮುಗಿಯೋನು. "ದುಃಖ ಎಲ್ಲಿಂದ ಬತ್ತದೆ ಅಂತ ತಿಳಿಯೋದೇ ಓದು. ಆಸೆಯಿಂದ!" ಅಂದ.

"ಬಾಯಲ್ಲಿರೋ ಬೀಡಿ ಯಾವ ಆಸೆಗಪ್ಪಾ?" ಅಂದೆ.

"ಉಪನಿಷತ್ತಲ್ಲೂ ಅರಿವು, ಆನಂದ ಒಟ್ಟಿಗೇ ಬತ್ತವೆ ಅಜ್ಜಿ" ಅಂದ್ಲು ಸುಮಾ.

"ನಮ್ಮ ಎಮ್ಮೆ ಯಾವ ಕಾಲೇಜಿಗೂ ಓಗಿಲ್ಲ, ಆನಂದವಾಗೇ ಐತೆ. ನಡಿಯೇ ಊರಿಗೆ."

ಅವಳು ಫೋನು ಕೊಟ್ಟು, ಅಕ್ಷರ ಬಾರದ ನನ್ನ ಬೆರಳು ಇಡ್ಕೊಂಡು ಒಂದೊಂದೇ ಅಕ್ಷರ ಒತ್ತಿಸಿದ್ಲು. ಎಂಟು ದಿನಕ್ಕೆ ಮುನಿಯಮ್ಮ ಅಂತ ನಾನೇ ಒತ್ತಿ ಮಗನಿಗೆ ಕಳಿಸ್ದೆ. ತಕ್ಷಣ ಫೋನು ಬಂತು.

"ಏನಾಯ್ತವ್ವಾ?"

"ಏನೂ ಆಗಿಲ್ಲ ಕಣ್ಲಾ. ಅದು ನನ್ನೆಸ್ರು."

"ಅದ್ರಿಂದೇನು ಉಪಯೋಗ?"

ಬಾಯಿ ತೆಗೆದೆ, ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು. ಉಪಯೋಗ ಏನೂ ಇಲ್ಲ. ಈ ವಯಸ್ಸಲ್ಲಿ ಅಂಗೆ ನಕ್ಕೇ ಇರ್ಲಿಲ್ಲ.

"ಓದೋವಾಗ ಸುಮಾ ಮುಖನೂ ದಿನಾ ಇಂಗೇ ನಗ್ತಿರ್ತದೆ ಕಣ್ಲಾ. ಓದ್ಲಿ ಬಿಡು. ಸ್ಟೆಲ್ಲಾ ರಾಬರ್ಟ್‌ಸನ್‌ಪೇಟೆ ಓಟ್ಲಿಗೆ ಇಡ್ಲಿಗೆ ಅಕ್ಕಿ ರುಬ್ಬಿ ಕೊಡ್ತಾಳೆ, ನಾನೂ ಜೊತೆ ಸೇರ್ಕೊಂಡೆ. ಮನೆ ಬಾಡಿಗೆ ಇನ್ಮೇಲೆ ನಂದು."

ಅವನು ಮೆಲ್ಲಗೆ, "ನಿಂಗೆ ಊರು ಬೇಡ್ವಾ ಅವ್ವಾ?" ಅಂದ.

"ಬೇಕು ಕಣ್ಲಾ. ಅದಕ್ಕೇ ನಮ್ಮೂರ ಕಡೆ ಓಗೋ ಬಂಗಾರಪೇಟೆ ಬಸ್ಸು ಬರೋ ಒತ್ತಿಗೆ ನಾನು ರೋಡಿಗೆ ಬರಲ್ಲ. ನೋಡಿದ್ರೆ ಅತ್ತಿ ಕೂತ್ಕೊಂಡ್ಬಿಡ್ತೀನಿ."